ಟಾಕಿಗೆ ಸುರಿದ ಲವಂಗದೆಣ್ಣೆ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಲವಂಗದೆಣ್ಣೆಯಲ್ಲಿ ದೋಷವಿಲ್ಲ. ನನ್ನಲ್ಲಂತೂ ಇಲ್ಲವೇ ಇಲ್ಲ!

ಮಿರಜಿನ ನಮ್ಮ ಮನೆಯಲ್ಲಿ, ಜೈನರ ಪದ್ಧತಿಯಂತೆ, ಪ್ರತಿ ನಲ್ಲಿಗೂ ಎರಡು ಮಡಿಕೆಯ ಬಿಳಿ ಬಟ್ಟೆ ಕಟ್ಟಿರುತ್ತದೆ. ಸೋಸದ ನೀರು ಬಳಸುವಂತಿಲ್ಲ. ಅಂದು ಅವ್ವನದು ನೀರೂ ಮುಟ್ಟದ ಉಪವಾಸ. ಮರುದಿನ ಬೆಳಿಗ್ಗೆ ಪಾರಣೆ, ಎಂದರೆ ಉಪವಾಸ ಬಿಡುವುದು. ಸಂಜೆ ಅಡುಗೆಮನೆಯ ನಲ್ಲಿಯ ಬಟ್ಟೆ ಬಿಚ್ಚಿದರೆ ಬರೀ ಲೋಳೆ!

"ಬಾಳೂ, ಮಾಳಿಗಿ ಮ್ಯಾಲಿನ ನೀರಿನ ಟಾಕಿ ಹೊಲಸಾಗೇತಿ. ಈ ನೀರಿನ್ಯಾಗ ನಾ ಪಾರಣಿ ಮಾಡಂಗಿಲ್ಲ," ಎಂದಳು ಅವ್ವ. ಅವಳು ಹೇಳಿದಂತೆ ಮಾಡುವವಳೇ. ನೀರು ಸರಿಯಾಗದಿದ್ದರೆ ಆ ಮುದಿಜೀವ ಇನ್ನೊಂದು ದಿನವೂ ಬಾಯಿ ಒಣಗಿಸಿಕೊಂಡೇ ಕೂರುತ್ತಿತ್ತು.

"ಟಾಕಿ ಖಾಲಿ ಮಾಡಿ, ಬ್ರಶ್ ಹಿಡಕೊಂಡು ಒಳಗ ಇಳೀರಿ," ಎಂದಳು ಹೆಂಡತಿ ಪದ್ಮಾ.

ಸಾಂಗ್ಲಿ ಪೇಟೆಯಲ್ಲಿ ಅರಿಶಿನ, ಮಸಾಲೆ ವ್ಯಾಪಾರ ಮಾಡುವ ನಾನು ಬ್ರಶ್ ಹಿಡಿಯುವುದೇ? ಕಾಲೇಜಿಗೆ ಹೋಗುವ ಮಗಳು ಪ್ರೀತಿ ಒಮ್ಮೆ ಹೇಳಿದ್ದಳು: ನೀರಿನ ಬ್ಯಾಕ್ಟೀರಿಯಾ ಲೋಳೆಯ ಕೋಟೆ ಕಟ್ಟಿಕೊಂಡು ಒಳಗೆ ಅಡಗುತ್ತವೆ, ಲವಂಗ, ಓಮದ ಎಣ್ಣೆ ಆ ಕೋಟೆಯನ್ನು ಒಡೆಯಬಲ್ಲವು. ಟಾಕಿಗೆ ಲವಂಗದೆಣ್ಣೆ ಸುರಿಯುತ್ತೇನೆಂದು ಸಾರಿದೆ.

"ಪಪ್ಪಾ, ಅದು ಲ್ಯಾಬಿನ್ಯಾಗ, ಸಣ್ಣ ಗಾಜಿನ ಬಶಿಯೊಳಗ!" ಎಂದು ಅವಳು ಕೂಗಿಕೊಂಡಳು.

ಬಶಿ ಸಣ್ಣದು, ಟಾಕಿ ದೊಡ್ಡದು. ಸೀಸೆಯನ್ನೂ ದೊಡ್ಡದು ತಂದರಾಯಿತು!

"ಅಷ್ಟೂ ಜೀವ ಕೊಲ್ಲತೀ ಏನೋ? ಅದೂ ಉಪಾಸದ ದಿನ?" ಎಂದು ಅವ್ವ ಗದರಿದಳು.

"ಕೊಲ್ಲೂದಲ್ಲವ್ವಾ. ವಾಸನಿಗೆ ಅವು ತಾವ ಎದ್ದು ಹೋಗ್ತಾವು."

ಬೆಳಗಾಗುತ್ತಲೇ ಸೀಸೆ ಬರಿದು ಮಾಡಿದೆ. ಎಣ್ಣೆ ನೀರಿನ ಮೇಲೆ ಹಾಯಾಗಿ ತೇಲಿತು. ಲೋಳೆ ತಳದಲ್ಲಿ ಹಾಯಾಗಿ ಮಲಗಿತ್ತು. ಉಭಯ ಪಕ್ಷಗಳನ್ನು ಮುಖಾಮುಖಿ ಮಾಡಿಸಲು ಬಿದಿರಿನ ಕೋಲು ತಂದು ಚೆನ್ನಾಗಿ ಕಡೆದೆ. ಕೋಟೆ ಒಡೆಯಿತು! ವರ್ಷಗಳ ಕೊಳೆ ಒಟ್ಟಿಗೇ ಎದ್ದಿತು.

ಅಷ್ಟರಲ್ಲಿ ಪಾರಣೆಗೆಂದು ಹತ್ತಿರದ ಹಳ್ಳಿ ಬೇಡಗದಿಂದ ಅಕ್ಕ ಮತ್ತು ಅವಳ ಗಂಡ, ನಮ್ಮ ದಾಜಿ, ಬಂದರು. ದಾಜಿ ಕೈಕಾಲು ತೊಳೆಯಲು ಅಂಗಳದ ನಲ್ಲಿ ತಿರುಗಿಸಿದರು. ನೀರು ಬರಲಿಲ್ಲ. ಕಟ್ಟಿದ ಬಟ್ಟೆ ಮಾತ್ರ ಉಬ್ಬತೊಡಗಿತು. ಉಬ್ಬಿ ಉಬ್ಬಿ ಕುಂಬಳಕಾಯಿಯಷ್ಟಾಯಿತು.

"ಇದೇನೋ ಬಾಳೂ?" ಎಂದು ದಾಜಿ ಬಗ್ಗಿ ನೋಡಿದರು.

ಬಗ್ಗಬಾರದಿತ್ತು! ದಾರ ಕಳಚಿತು. ಬಿಳಿ ಧೋತರದ ದಾಜಿ ತಲೆಯಿಂದ ಕಾಲಿನವರೆಗೆ ಕಪ್ಪಾದರು. ಪರಿಮಳದ ಬಗ್ಗೆ ಮಾತ್ರ ಯಾರೂ ತಕರಾರು ಮಾಡುವಂತಿರಲಿಲ್ಲ.

"ಎಣ್ಣಿ ಏನೂ ಮಾಡಿಲ್ರಿ. ನಿಮ್ಮ ಕೋಲು ಮಾಡೇತಿ," ಎಂದಳು ಪದ್ಮಾ.

"ಎಣ್ಣೀನ ಮಾಡೇತಿ! ಆ ನೀರು ಈಗ ಔಷಧ ಆಗೇತಿ, ತಿಳಕೋ!"

ಒಣಗಿದ ತುಟಿಯ ಅವ್ವ ಕುಳಿತಲ್ಲಿಂದಲೇ ಅಂದಳು, "ಔಷಧ ಆಗಿದ್ರ ಮೊದಲ ನೀ ಕುಡಿ."

ಎಲ್ಲರೂ ನನ್ನನ್ನೇ ನೋಡಿದರು. ಹಿಂದೆ ಸರಿಯುವ ಕುಲವಲ್ಲ ನಮ್ಮದು! ಮಾಳಿಗೆ ಹತ್ತಿ, ಟಾಕಿಯಲ್ಲಿ ಅಷ್ಟರಲ್ಲಿ ತುಸು ತಿಳಿಯಾಗಿದ್ದ ಮೇಲ್ಮೇಲಿನ ನೀರು ತುಂಬಿಕೊಂಡು, ಬಟ್ಟೆಯಲ್ಲಿ ಸೋಸಿ ಗಟಗಟನೆ ಕುಡಿದೆ. ಎಣ್ಣೆಯೂ ಮೇಲ್ಮೇಲೆಯೇ ಇತ್ತೆಂಬುದು ಆಮೇಲೆ ಹೊಳೆಯಿತು. ಮೊದಲು ಬಾಯಿಗೆ ಬೆಂಕಿ ಬಿತ್ತು. ಆಮೇಲೆ ನಾಲಿಗೆ ಇದೆಯೋ ಇಲ್ಲವೋ ತಿಳಿಯದಂತೆ ಜೋಮು ಹಿಡಿಯಿತು. ಹಲ್ಲುನೋವಿಗೆ ಒಂದೇ ಹನಿ ಸಾಕೆಂದು ಗಿರಾಕಿಗಳಿಗೆ ಬುದ್ಧಿ ಹೇಳುವವನು ನಾನೇ.

ಪಕ್ಕದ ಮನೆಯ ಮರಾಠಿ ಹೆಂಗಸು, ಓಣಿಗೆಲ್ಲ ಕಾಕು, "ಕಾಯ್ ಝಾಲಂ? ಏನಾತು?" ಎನ್ನುತ್ತ ಓಡಿ ಬಂದರು. ವಿಷಯ ತಿಳಿದು ತಮ್ಮ ಬಾವಿಯಿಂದ ಒಂದು ಕೊಡ ನೀರು ತಂದುಕೊಟ್ಟರು. ಪದ್ಮಾ ಸೋಸಿ ಕುದಿಸಿದಳು. ಅವ್ವ ಮೊದಲ ಗುಟುಕು ಕುಡಿದು ಕಣ್ಣು ಮುಚ್ಚಿದಾಗ ನನ್ನ ಜೀವಕ್ಕೆ ಜೀವ ಬಂತು. ಅವಳನ್ನು ಅಷ್ಟು ಹೊತ್ತು ಕಾಯಿಸಿದ್ದಕ್ಕೆ ನಾಚಿಕೆಯೂ ಆಯಿತು. ಹಾಗೆಂದು ಸೋಲೊಪ್ಪುವ ಮಾತೇ ಇಲ್ಲ!

ಮಧ್ಯಾಹ್ನ ನಾನು ಟಾಕಿಯೊಳಗಿದ್ದೆ, ಕೈಯಲ್ಲಿ ಬ್ರಶ್. ನನ್ನದೇ ಧೋತರ ಉಟ್ಟುಕೊಂಡ ದಾಜಿ ಮೇಲಿನಿಂದ ಇಣುಕಿದರು.

"ಏನಪಾ ಬಾಳೂ, ಎಣ್ಣಿ ಗೆದ್ದೇತೋ, ಬ್ರಶ್ ಗೆದ್ದೇತೋ?"

ಸಮಗ್ರ ವೈಜ್ಞಾನಿಕ ಉತ್ತರ ನನ್ನಲ್ಲಿ ಸಿದ್ಧವಿತ್ತು. ಎದೆಯುಬ್ಬಿಸಿ, ತಲೆಯೆತ್ತಿ ಬಾಯಿ ತೆರೆದೆ. ಜೋಮು ಬಿಡದ ಬಾಯಿಂದ ಜೊಲ್ಲು ಸುರಿಯಿತು.

ದಾಜಿಯ ಹಿಂದಿನಿಂದ ಪದ್ಮಾಳ ದನಿ ಬಂತು: "ಅದನ್ನ ಒಳಗ ಬಿಡಬ್ಯಾಡ್ರಿ! ಮತ್ತ ಮೊದಲಿಂದ ತಿಕ್ಕಬೇಕಾಗ್ತೈತಿ!"