ಹಳೇ ರಾಜರ ಪಾಠ

ಐದು ಸಾವಿರ ವರ್ಷ ಹಿಂದೆ ಸತ್ತ ರಾಜರ ಬಗ್ಗೆ ಪಾಠ ಮಾಡಿದರೆ ಯಾರ ತಂಟೆಯೂ ಇಲ್ಲ ಎಂದು ನಂಬಿ ಚರಿತ್ರೆ ಮಾಸ್ತರನಾದವನು ನಾನು. ಐವತ್ತು, ಅರವತ್ತರ ದಶಕದಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆ ಎಂದು ಶಾಲೆ ಬದಲಾಯಿತೇ ಹೊರತು ಆ ರಾಜರು ಎಲ್ಲಿಯೂ ನನ್ನನ್ನು ಸುಮ್ಮನೆ ಬಿಡಲಿಲ್ಲ.

೧. ಪಿರಮಿಡ್ಡಿನ ಗುಟ್ಟು

ಬಂಟ್ವಾಳದಲ್ಲಿ ನಮ್ಮ ಶಾಲೆಯ ಸಂಚಾಲಕರು ದೊಡ್ಡ ಜಮೀನುದಾರರು. ಒಮ್ಮೆ ನನ್ನ ಪಾಠ ಕೇಳಲು ಹಿಂದಿನ ಬೆಂಚಿನಲ್ಲಿ ಬಂದು ಕೂತರು. ಒಬ್ಬ ರಾಜನ ಗೋರಿಗಾಗಿ ಸಾವಿರಾರು ಜನ ಬಿಸಿಲಲ್ಲಿ ಕಲ್ಲು ಎಳೆದು ಸವೆದದ್ದನ್ನು ನಾನು ಕರುಳು ಚುರುಕ್ ಎನ್ನುವ ಹಾಗೆ ವರ್ಣಿಸಿದೆ. ಪಾಠ ಮುಗಿದ ಮೇಲೆ ಅವರು ನನ್ನನ್ನು ಬದಿಗೆ ಕರೆದರು. ಕಣ್ಣು ತೇವವಾದ ಹಾಗಿತ್ತು.

"ಅಷ್ಟು ಜನ ಒಬ್ಬನೂ ತಪ್ಪಿಸಿಕೊಳ್ಳದೆ ಕೆಲಸಕ್ಕೆ ಬರ್ತಿದ್ದದ್ದು ಹೇಗೆ ಮಾಸ್ಟ್ರೇ?"

"ರಾಜನೇ ದೇವರು ಅಂತ ನಂಬಿಸಿದ್ದರು ಧನಿಗಳೇ."

ಅವರು ನಿಟ್ಟುಸಿರು ಬಿಟ್ಟರು. "ಅಜ್ಜನ ಕಾಲದಲ್ಲಿ ನಮ್ಮ ಮನೆಯಲ್ಲಿಯೂ ಆ ಕ್ರಮ ಇತ್ತು. ಈಗ ಕೊಯ್ಲಿಗೆ ನಾಲ್ಕು ಜನ ಬರುವುದಿಲ್ಲ. ನೀವು ಪಾಠ ಮಾಡಿದ ಆ ಪುಸ್ತಕ ಎರಡು ದಿನ ಓದಲಿಕ್ಕೆ ಕೊಡ್ತೀರಾ?"

೨. ಒಂದೇ ಅಳತೆ

ಬೆಳ್ತಂಗಡಿಯಲ್ಲಿ ನನ್ನ ತರಗತಿಯ ಪಕ್ಕದಲ್ಲೇ ಹೊಸ ಕೋಣೆಯ ಗೋಡೆ ಏಳುತ್ತಿತ್ತು. ಒಂದು ಕೆಂಪುಕಲ್ಲಿನ ಹಾಗೆ ಇನ್ನೊಂದಿಲ್ಲ.

"ಸಿಂಧೂ ಬಯಲಿನ ಊರುಗಳು ನೂರಾರು ಮೈಲಿ ದೂರ ಇದ್ದರೂ ಇಟ್ಟಿಗೆಯ ಅಳತೆ ಮಾತ್ರ ಒಂದೇ. ಸರಕಾರ ಅಷ್ಟು ಬಲವಾಗಿತ್ತು ಅಂತ ಹೇಳ್ತಾರೆ," ಎಂದೆ, ಕಿಟಕಿಯ ಕಡೆ ನೋಡಿಕೊಂಡು, ಸ್ವಲ್ಪ ಗಟ್ಟಿಯಾಗಿಯೇ.

ಹೊರಗಿದ್ದ ಕಂಟ್ರಾಕ್ಟರು ಕಿಟಕಿಯಲ್ಲಿ ತಲೆ ಹಾಕಿದರು. "ಸರಕಾರ ಬಲ ಇದ್ದದ್ದಲ್ಲ ಮಾಸ್ಟ್ರೇ. ಅಲ್ಲಿ ಅಳತೆ ನೋಡಲಿಕ್ಕೆ ಬರುವ ಓವರ್‌ಸೀಯರಿಗೆ ಕೋಳಿ ಊಟ ಹಾಕಿಸುವ ಕ್ರಮ ಇರಲಿಲ್ಲ, ಅಷ್ಟೇ."

೩. ಸಿಂಹಾಸನ

ಮೂಡಬಿದ್ರೆಯ ಶಾಲೆಗೆ ಒಂಬತ್ತನೆಯ ತರಗತಿ ಮಂಜೂರಾಗಬೇಕಿದ್ದರೆ ಇನ್‌ಸ್ಪೆಕ್ಟರು ಒಳ್ಳೆಯ ವರದಿ ಬರೆಯಬೇಕಿತ್ತು. "ಪುರಾತನ ಸುಮೇರಿಯಾದ ಆಸ್ಥಾನವನ್ನೇ ಆಡಿ ತೋರಿಸುವ," ಎಂದರು ಹೆಡ್‌ಮಾಸ್ತರು. ನಾಟಕ ಉಂಟೆಂದು ಇನ್‌ಸ್ಪೆಕ್ಟರಿಗೆ ಪತ್ರವನ್ನೂ ಬರೆದರು. ಡ್ರಿಲ್ ಮಾಸ್ತರು ರಾಜ, ಮಕ್ಕಳು ರೈತರು. ಗುಲಾಮನ ಪಾತ್ರಕ್ಕೆ ಮಾತ್ರ ಯಾರೂ ಒಪ್ಪಲಿಲ್ಲ. ಕೊನೆಗೆ ಪ್ಯೂನನನ್ನು ಕರೆದೆವು.

"ನಾನೇನು ಮಾಡಬೇಕು?" ಎಂದು ಕೇಳಿದ.

"ಸಿಂಹಾಸನದಲ್ಲಿ ಕೂತವರಿಗೆ ಬೀಸಣಿಗೆ ಬೀಸುವುದು. ಕೇಳಿದರೆ ನೀರು ಕೊಡುವುದು. ಕೂರಬಾರದು, ಮಾತಾಡಬಾರದು."

"ಹನ್ನೆರಡು ವರ್ಷದಿಂದ ಅದನ್ನೇ ಮಾಡ್ತಾ ಇದ್ದೇನೆ. ಅಭ್ಯಾಸ ಬೇಡ," ಎಂದು ಹೊರಟುಹೋದ.

ಆ ದಿನ ಇನ್‌ಸ್ಪೆಕ್ಟರು ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದರು. ಜರಿಸೀರೆ ಹೊದಿಸಿದ ಸಿಂಹಾಸನ ತಮಗೇ ಎಂದುಕೊಂಡು ನೆಟ್ಟಗೆ ಹೋಗಿ ಕೂತರು. ಎಬ್ಬಿಸುವ ಧೈರ್ಯ ಯಾರಿಗುಂಟು? ಪ್ಯೂನ ಬೀಸತೊಡಗಿದ. ಇನ್‌ಸ್ಪೆಕ್ಟರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ರೈತರು ಸಾಲಾಗಿ ಬಂದು ಅವರ ಕಾಲಬುಡದಲ್ಲಿ ಎಳನೀರು, ಬಾಳೆಗೊನೆ ಇಟ್ಟು ಅಡ್ಡಬಿದ್ದರು. ಅದನ್ನೂ ತಲೆದೂಗಿ ಸ್ವೀಕರಿಸಿದರು. ರಟ್ಟಿನ ಕಿರೀಟದ ಡ್ರಿಲ್ ಮಾಸ್ತರು ಕಂಬದ ಪಕ್ಕ ನಿಂತು, ರಾಜಾಜ್ಞೆಗಳನ್ನೆಲ್ಲ ಕೈಮುಗಿದುಕೊಂಡೇ ಹೇಳಿ ಮುಗಿಸಿದರು.

ತರಗತಿ ಮಂಜೂರಾಯಿತು. ಬಾಳೆಗೊನೆ ಜೀಪು ಹತ್ತಿತು. ವರದಿಯಲ್ಲಿ ಅವರು ಬರೆದದ್ದು ಇಷ್ಟು: "ಸ್ವಾಗತ ಸಮಾರಂಭ ಅಚ್ಚುಕಟ್ಟಾಗಿತ್ತು. ಆದರೆ ನಾಟಕ ಉಂಟೆಂದು ಪತ್ರ ಬರೆದು ಆಡಿಸದೇ ಇದ್ದದ್ದು ಸರಿಯಲ್ಲ."