ಚಿಕ್ಕಮ್ಮನ ಜರಡಿ

‘ಇವತ್ತು ಸೆಕೆ ಜಾಸ್ತಿ’ ಎಂದು ನನ್ನ ಚಿಕ್ಕಮ್ಮನ ಎದುರು ಹೇಳುವ ಧೈರ್ಯ ನಮ್ಮ ಚಿನ್ನದ ಗಣಿಯೂರು ಊರಿಗಾಂನಲ್ಲಿ ಯಾರಿಗೂ ಇಲ್ಲ! “ಎಷ್ಟು ದಿನದ ಲೆಕ್ಕ ನೋಡಿ ಏಳ್ತಿದೀಯ?” ಎಂದು ಕೇಳಿಬಿಡುತ್ತಾಳೆ. ಹೇಳಿದವರಿಗೆ ಆ ಕ್ಷಣಕ್ಕೇ ಬೆವರು.

ಅವಳ ಕೆಲಸವೇ ಹಾಗೆ. ಬೆಂಗಳೂರಿನ ಲ್ಯಾಬೊಂದರಲ್ಲಿ ಮಿದುಳಿನ ಸ್ಕ್ಯಾನ್‌ಗಳ ಲೆಕ್ಕ ಹಾಕುತ್ತಾಳೆ. ಮಿದುಳಿನ ಯಾವ ಭಾಗ ದುಡಿಯುತ್ತದೋ ಅಲ್ಲಿಗೆ ರಕ್ತ ಹೆಚ್ಚು ಹರಿಯುತ್ತದಂತೆ. ಯಂತ್ರ ಮಿದುಳನ್ನು ಸಾವಿರಾರು ಸಣ್ಣ ಚೌಕಗಳಾಗಿ ನೋಡುತ್ತದಂತೆ. ಅಷ್ಟೊಂದು ಚೌಕಗಳಲ್ಲಿ ಕೆಲವು ಸುಮ್ಮಸುಮ್ಮನೆ, ಆಕಸ್ಮಿಕವಾಗಿ ಮಿನುಗುತ್ತವೆ. ಅವನ್ನು ಜರಡಿ ಹಿಡಿದು ನಿಜದ ಬೆಳಕನ್ನಷ್ಟೇ ಉಳಿಸುವುದು ಚಿಕ್ಕಮ್ಮನ ಪಾಲಿನ ಕೆಲಸ.

ಜರಡಿಯನ್ನು ಆಫೀಸಿನಲ್ಲೇ ಬಿಟ್ಟು ಬರಬಾರದೇ? ರಾಬರ್ಟ್‌ಸನ್‌ಪೇಟೆಯಲ್ಲಿ ಒಬ್ಬ ಗಿಣಿಶಾಸ್ತ್ರದವನಿದ್ದ. ಅವನು ಹೇಳಿದ್ದು ನಿಜವಾಯಿತೆಂದು ಹೆಂಗಸೊಬ್ಬಳು ಕೈಮುಗಿಯುತ್ತಿದ್ದಳು. ಚಿಕ್ಕಮ್ಮ ನಿಂತೇಬಿಟ್ಟಳು. “ದಿನಕ್ಕೆ ಎಷ್ಟು ಜನಕ್ಕೆ ಏಳ್ತೀಯಪ್ಪಾ? ಅಷ್ಟು ಜನದಾಗೆ ಒಬ್ರಿಗಾದ್ರೂ ನಿಜ ಆಗದೆ ಇರ್ತೈತಾ?” ಮರುದಿನದಿಂದ ಅವಳ ನೆರಳು ಕಂಡರೆ ಸಾಕು, ಅವನು ಪಂಜರ ಎತ್ತಿಕೊಂಡು ಪಕ್ಕದ ಬೀದಿಗೆ! ತನ್ನ ಭವಿಷ್ಯ ಮಾತ್ರ ಆ ಗಿಣಿಗೆ ಖಚಿತವಾಗಿ ಗೊತ್ತಿತ್ತು.

ಬಂಗಾರಪೇಟೆಯಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲಿನಲ್ಲಿ ಅವಳು ಮಿದುಳಿನ ಚಿತ್ರಗಳನ್ನು ತೊಡೆಯ ಮೇಲೆ ಹರವಿಕೊಂಡು, ಅರ್ಧ ನಿದ್ದೆಯಲ್ಲಿರುವವಳಂತೆ ಮಂಜನ್ನು ನೋಡುತ್ತ ಕೂರುತ್ತಾಳೆ. ಒಮ್ಮೆ ತಮಿಳು ಬೆರೆಸಿ ಮಾತಾಡುವ ಹೂವಿನವಳೊಬ್ಬಳು ಬಗ್ಗಿ ನೋಡಿದಳು.

“ಎನ್ನಮ್ಮಾ ಇದು, ಹೂಕೋಸಾ?”

“ಮನುಷ್ಯರ ಮಿದುಳು. ಈ ಕೆಂಪು ಚುಕ್ಕೆಗಳಾಗೆ ಎಷ್ಟೋ ಸುಳ್ಳು.”

“ಅಂಗಾದ್ರೆ ಯಾರೋ ಗಂಡಸರ್ದೇ ಬಿಡು!”

ಹೀಗೆ ನಗುತ್ತಿದ್ದ ದಿನಗಳಲ್ಲೇ ಅಜ್ಜಿಗೆ, ಅಂದರೆ ಚಿಕ್ಕಮ್ಮನ ತಾಯಿಗೆ, ಪಾರ್ಶ್ವವಾಯು ಬಡಿಯಿತು. ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ ಬದುಕಿಡೀ ಹಸುವಿನ ಹಾಲು ಕರೆದವಳು. ಈಗ ಕಣ್ಣು ತೆರೆದೇ ಮಲಗಿರುತ್ತಿದ್ದಳು, ಕೂಗಿದರೆ ಓಗೊಡುತ್ತಿರಲಿಲ್ಲ. ಅವಳಿಗೆ ನಮ್ಮ ಮಾತು ಕೇಳುತ್ತಿದೆಯೋ ಇಲ್ಲವೋ?

ಚಿಕ್ಕಮ್ಮ ಸ್ಕ್ಯಾನ್ ಮಾಡಿಸಿದಳು. ಯಂತ್ರದೊಳಗೆ ಅಜ್ಜಿಯ ಕಿವಿಗೆ ಮಗಳದೇ ದನಿ: “ಅಮ್ಮಾ, ನೀನು ಆಲು ಕರೀತಿದೀಯ ಅಂತ ಅನ್ಕೋ.” ಸ್ವಲ್ಪ ಹೊತ್ತಿಗೆ, “ಈಗ ಸುಮ್ಕಿರು.” ಮತ್ತೆ ಹಾಲು, ಮತ್ತೆ ಸುಮ್ಮನೆ. ಕೇಳಿಸಿದ್ದರೆ, ಕೈಯಾಡಿಸುವ ಜಾಗ ಮಿದುಳಿನಲ್ಲಿ ಬೆಳಗಬೇಕಿತ್ತು. ಲೆಕ್ಕವನ್ನು ಮಾತ್ರ, ಯಾರದೆಂದು ಹೇಳದೆ, ಸಹೋದ್ಯೋಗಿಗೆ ಕೊಟ್ಟಳು.

“ನೀನೇ ನೋಡ್ಬಾರ್ದಾ?” ಎಂದೆ.

“ನಾನು ನೋಡಿದ್ರೆ ಎಲ್ಲಾ ಕಡೆ ಬೆಳಕೇ ಕಾಣ್ತೈತೆ ಕಣ್ಲಾ. ಮಗಳು ನಾನು.”

ಫಲಿತಾಂಶ ಬಂತು. ಜರಡಿಗೆ ಮುಂಚೆ, ಸರಿಯಾದ ಜಾಗದಲ್ಲೇ, ತೆಳ್ಳಗಿನ ಒಂದು ಮಿನುಗು. ಜರಡಿ ಹಿಡಿದ ಮೇಲೆ ಏನೂ ಇಲ್ಲ.

“ಜರಡಿ ವಸಿ ಸಡಿಲ ಮಾಡು ಚಿಕ್ಕಮ್ಮಾ,” ಎಂದೆ, ಬೇಡುವವನಂತೆ.

ಅವಳು ಕಿಟಕಿಯಾಚೆ, ಗಣಿಮಣ್ಣಿನ ಬಿಳಿ ದಿಬ್ಬಗಳು ಸಂಜೆಬಿಸಿಲಿನಲ್ಲಿ ಕರಗುವುದನ್ನೇ ನೋಡಿದಳು. “ಬ್ಯಾರೆಯೋರ ಅಮ್ಮಂದ್ರಿಗೆ ಅಂಗೆ ಮಾಡ್ತೀನೇನ್ಲಾ?” ಎಂದಳು.

ಮರುದಿನ ಬೆಳಗ್ಗೆ ಹಳ್ಳಿಗೆ ಹೋದರೆ, ಅವಳು ನನಗಿಂತ ಮೊದಲೇ ಅಲ್ಲಿದ್ದಾಳೆ! ಅಜ್ಜಿಯ ಕೈಯನ್ನು ಕೈಯಲ್ಲಿಟ್ಟುಕೊಂಡು ಊರ ಸುದ್ದಿಯೆಲ್ಲ ಹೇಳುತ್ತಿದ್ದಾಳೆ.

“ಏನೂ ಸಿಗ್ಲಿಲ್ಲ ಅಂದ್ಯಲ್ಲ?”

“ಸಿಗ್ಲಿಲ್ಲ ಅಂದೆ. ಇಲ್ಲ ಅಂದ್ನಾ?”

ಅವಳು ಅಜ್ಜಿಯತ್ತ ತಿರುಗಿದಳು. “ಅಮ್ಮಾ, ಕೊಟ್ಟಿಗೇಲಿ ಗೌರಿ ಈದೈತೆ. ಎಣ್ಣು ಕರು.” ಎಂದು ಹೇಳಿ, ಉತ್ತರ ಬರಲು ಬೇಕಾಗುವಷ್ಟು ಹೊತ್ತು ಸುಮ್ಮನೆ ಕಾದಳು. “ಅಣೇಲಿ ಬಿಳೀ ಮಚ್ಚೆ,” ಎಂದಳು. ಮತ್ತೆ ಅಷ್ಟೇ ಹೊತ್ತು ಕಾದಳು.