ತಾಳಣ್ಣನ ಒಂದೇ ಏಟು

ರಾಜಮಹಾರಾಜರ ಕಾಲದ ಕಥೆಯ ಸಿನಿಮಾ. ಅದರ ಹಿನ್ನೆಲೆ ಸಂಗೀತಕ್ಕೆ ಇಡೀ ಸಿಂಫನಿ ತಂಡವೇ ಸ್ಟುಡಿಯೋದಲ್ಲಿ ಕೂತಿತ್ತು. ಪಿಟೀಲಿನವರಿಗೆ ಪುಟಗಟ್ಟಲೆ ಸ್ವರ. ಕಂಚಿನ ದೊಡ್ಡ ತಾಳ ಹಿಡಿದವನಿಗೆ ಒಂದೇ ಏಟು, ರಾಜನ ತಲೆಗೆ ಕಿರೀಟ ಇಡುವಾಗ. ಬಾರಿಸುವುದಕ್ಕಿಂತ ತಾಳಿಕೊಂಡು ಕೂರುವುದೇ ಹೆಚ್ಚಾದ್ದರಿಂದ ಅವನನ್ನು ಎಲ್ಲರೂ ತಾಳಣ್ಣ ಎನ್ನುತ್ತಿದ್ದರು. ಪರದೆಯ ಮೇಲಿನ ಚಿತ್ರ ಕಾಣುವುದು ತಂಡ ನಡೆಸುವ ಮೇಷ್ಟ್ರಿಗೆ ಮಾತ್ರ. ತಾಳಣ್ಣ ಮನಸ್ಸಿನಲ್ಲೇ ಎಣಿಸಬೇಕು.

"ಇನ್ನೊಂದ್ಸಲ ತಪ್ಪಿದ್ರೆ ಬೇರೆ ಕೆಲಸ ನೋಡ್ಕೋ," ಎಂದು ಮೇಷ್ಟ್ರು ಬೆಳಿಗ್ಗೆಯೇ ಗುಡುಗಿದ್ದರು.

ಕಹಳೆಗಳ ಅಬ್ಬರದ ನಡುವೆ ಪಕ್ಕದ ನಗಾರಿಯ ಅಕ್ಕ ಪಿಸುಗುಟ್ಟಿದಳು: "ನಿನ್ನ ಹೆಂಡ್ತಿ ಹಲ್ಲುನೋವು ಹೇಗಿದೆಯೋ?"

"ಎರಡು ಕಿತ್ತಾಯ್ತಕ್ಕ," ಎಂದ. ಆ ಎರಡು ಹಲ್ಲೂ ಎಣಿಕೆಗೆ ಸೇರಿಹೋದವು.

ಝಣ್!

ಪರದೆಯಲ್ಲಿ ಕಿರೀಟ ಇನ್ನೂ ತಟ್ಟೆಯಲ್ಲೇ ಇತ್ತು. ಮೇಷ್ಟ್ರ ಮುಖ ನೋಡಿಯೇ ತಾಳಣ್ಣನಿಗೆ ತಪ್ಪಿದ್ದು ತಿಳಿಯಿತು. ಆದರೆ ಅಕ್ಕ ತಕ್ಷಣ ನಗಾರಿ ಮೊರೆಸಿದಳು, ಕಹಳೆಯವರು ದನಿಗೂಡಿಸಿದರು, ಪಿಟೀಲಿನವರೂ ಅದೇ ಸರಿ ಎಂಬಂತೆ ಜೊತೆಗೂಡಿದರು. ನಿರ್ದೇಶಕ ಗಾಜಿನ ಕೋಣೆಯಿಂದ ಓಡಿಬಂದ.

"ಯಾರು ಹೊಡೆದದ್ದು?"

"ನಾನೇ ಹೊಡೆಸಿದ್ದು," ಎಂದರು ಮೇಷ್ಟ್ರು, ಬೆವರೊರೆಸಿಕೊಳ್ಳುತ್ತ. ನಿರ್ದೇಶಕ ಅವರನ್ನು ಕೋಣೆಯೊಳಗೆ ಕರೆದೊಯ್ದು ಬಾಗಿಲು ಹಾಕಿಕೊಂಡ.

ತಾಳಣ್ಣನ ಕಣ್ಣು ತುಂಬಿತು. ಹೆತ್ತವರೂ ತನ್ನ ತಪ್ಪನ್ನು ಇಷ್ಟು ಮುಚ್ಚಿಹಾಕುತ್ತಿರಲಿಲ್ಲ. ಒಬ್ಬೊಬ್ಬರ ಕೈಯನ್ನೂ ಹಿಡಿದು, "ನಿಮ್ಮ ಋಣ ಹೇಗೆ ತೀರಿಸ್ಲಿ?" ಎಂದ.

"ಟೀ ಕುಡಿಸು, ಸಾಕು," ಎಂದರು ಕಹಳೆಯವರು.

ಇಷ್ಟೇ ತಾನೇ ಎಂದು ಹೊರಗೋಡಿ, ದೊಡ್ಡ ಕೆಟಲಿನ ತುಂಬ ಟೀ ಹೊತ್ತು ಬಂದಾಗ ಕೆಂಪು ದೀಪ ಹತ್ತಿತ್ತು, ಮೇಷ್ಟ್ರ ಕೋಲು ಮೇಲೆದ್ದಿತ್ತು. ತಾಳಣ್ಣ ಓಡಿಹೋಗಿ ಎರಡೂ ಕೈಯಲ್ಲಿ ತಾಳ ಹಿಡಿದ. ಈ ಸಲ ಕೂದಲೆಳೆಯಷ್ಟೂ ತಪ್ಪಬಾರದು. ಇವರ ಉಪಕಾರಕ್ಕೆ ಅದೇ ಪ್ರತಿಫಲ.

"ಲೋ, ಕೇಳಿಲ್ಲಿ, ನೀನು ಟೀಗೆ ಹೋದಾಗ..." ಅಕ್ಕ ಪಿಸುಗುಟ್ಟಿದಳು.

"ಮಾತಾಡಿಸ್ಬೇಡಿ ಅಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ!"

ಸ್ವಲ್ಪ ಹೊತ್ತಿಗೆ ನಗಾರಿ, ಕಹಳೆಗಳೆಲ್ಲ ಒಮ್ಮೆಲೇ ಮೊಳಗಿದವು. ಅಯ್ಯೋ ಪಾಪ, ಈ ಸಲ ಎಲ್ಲರೂ ತಪ್ಪಿದರು ಎಂದು ತಾಳಣ್ಣ ಮರುಗಿದ. ತಾನು ಮಾತ್ರ ಅಲುಗಾಡಲಿಲ್ಲ. ಮೇಷ್ಟ್ರು ಕಣ್ಣು ಕೆಕ್ಕರಿಸಿದರೂ ಎಣಿಕೆ ಬಿಡಲಿಲ್ಲ. ಆಮೇಲೆ ಸೂಜಿ ಬಿದ್ದರೂ ಕೇಳುವಂಥ ನಿಶ್ಶಬ್ದ. ಕಿರೀಟ ತಲೆ ಮುಟ್ಟಿದ ಗಳಿಗೆಗೇ ಸರಿಯಾಗಿ, ಹೃದಯ ತುಂಬಿ ಹೊಡೆದ.

ಝಣ್!

ಧ್ವನಿವರ್ಧಕದಲ್ಲಿ ನಿರ್ದೇಶಕ ಕಿರುಚಿದ: "ಕಿರೀಟ ನೋಡೇ ರಾಜ ಬೆಚ್ಚಿಬೀಳ್ಬೇಕು! ಮೊದಲ್ನೇ ಸಲ ತಾಳ ಬಿದ್ದ ಜಾಗ ಅದ್ಭುತವಾಗಿತ್ತು, ಅಲ್ಲೇ ಹೊಡೀಬೇಕು, ಆಮೇಲೆ ಪೂರ್ತಿ ಮೌನ ಅಂತ ಈಗಷ್ಟೇ ಹೇಳಲಿಲ್ವಾ? ಯಾರಯ್ಯಾ ಈ ಮೌನ ಕೆಡಿಸಿದ್ದು?"

ಈ ಸಲ ನಗಾರಿ ಮೊರೆಯಲಿಲ್ಲ, ಕಹಳೆ ಮೊಳಗಲಿಲ್ಲ. ಮೇಷ್ಟ್ರು ನೆಲ ನೋಡುತ್ತಿದ್ದರು. ಆದರೂ ಇವರೆಲ್ಲ ಒಮ್ಮೆ ಕಾಪಾಡಿದವರಲ್ಲವೇ, ಅಷ್ಟೇ ದೊಡ್ಡದು ಎಂದುಕೊಂಡು ತಾಳಣ್ಣ ಎದ್ದು ನಿಂತ. ಎಲ್ಲರ ಕಡೆಗೂ ತಿರುಗಿ, ಭಕ್ತಿಯಿಂದ ಎರಡೂ ಕೈ ಜೋಡಿಸಿದ.

ಝಣ್!